ಮ್ಯಾಂಗೋ ಐಸ್ ಗಂಟಲಿಗೆ ಯಾಕೆ ಹಿತ? ವೇಪ್ ಬಳಸುವ ಓದುಗರೊಬ್ಬರಿಗೆ ಉತ್ತರ

ಪ್ರಶ್ನೆ: "ಡಾಕ್ಟ್ರೇ, ನನಗೆ 34 ವರ್ಷ. ಊರು ಮದ್ದೂರು ಹತ್ತಿರ, ಕೆಲಸ ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ, ಶಿಫ್ಟ್ ಡ್ಯೂಟಿ. ಹನ್ನೆರಡು ವರ್ಷ ದಿನಕ್ಕೆ ಹತ್ತು ಹನ್ನೆರಡು ಸಿಗರೇಟ್ ಸೇದ್ತಿದ್ದೆ. ಒಂದೂವರೆ ವರ್ಷದ ಹಿಂದೆ ಫ್ರೆಂಡ್ ಒಬ್ಬ ವೇಪ್ ಕೊಟ್ಟ. ಅವತ್ತಿಂದ ಸಿಗರೇಟ್ ಮುಟ್ಟಿಲ್ಲ. ಮೊದಲು ಟ್ಯಾಂಕ್ ಇರೋ ಮೆಷಿನ್ನಲ್ಲಿ ತಂಬಾಕು ಫ್ಲೇವರ್ ಹಾಕ್ಕೊಂಡು ಸೇದ್ತಿದ್ದೆ, ಕೆಮ್ಮು ಬರ್ತಿತ್ತು. ಈಗ ಖಾಲಿಯಾದ ಮೇಲೆ ಬಿಸಾಡೋ ಡಿಸ್ಪೋಸಬಲ್, ಮ್ಯಾಂಗೋ ಐಸ್. ಡಬ್ಬದ ಮೇಲೆ 10 ಎಂ.ಎಲ್., 5% ಅಂತಿದೆ. ಎಂಟು ದಿನಕ್ಕೆ ಒಂದು ಖಾಲಿ. ಗಂಟಲಿಗೆ ಏನೂ ಅನ್ಸಲ್ಲ, ಬೆಣ್ಣೆ ಥರ ಇಳಿಯುತ್ತೆ. ಆದರೆ ನಾಲ್ಕು ದಿನಕ್ಕೆ ರುಚಿ ಹೊರಟು ಹೋಗುತ್ತೆ, ಬಾಯಿ ಒಣಗುತ್ತೆ, ರಾತ್ರಿ ಎದ್ದು ಎರಡು ದಮ್ ಎಳೀದೆ ನಿದ್ದೆ ಬರಲ್ಲ. ಯಾವ ಡಿವೈಸ್, ಯಾವ ಫ್ಲೇವರ್ ಆದರೆ ಶ್ವಾಸಕೋಶಕ್ಕೆ ತೊಂದರೆ ಕಡಿಮೆ? ಹಣ್ಣಿನದಕ್ಕಿಂತ ತಂಬಾಕಿನದೇ ವಾಸಿನಾ? ಪಾಪ್‌ಕಾರ್ನ್ ಲಂಗ್ ಬರುತ್ತೆ ಅಂತಾರೆ, ನಿಜವಾ? ಬಿಟ್ಟರೆ ಮತ್ತೆ ಸಿಗರೇಟಿಗೇ ಹೋಗ್ತೀನೇನೋ ಅಂತ ಭಯ. ಮನೆಯಲ್ಲಿ ಮೂರು ವರ್ಷದ ಮಗಳಿದ್ದಾಳೆ."

ಉತ್ತರ: ಒಂದೂವರೆ ವರ್ಷ ಸಿಗರೇಟ್ ಮುಟ್ಟಿಲ್ಲ ಎಂದಿದ್ದೀರಿ. ಅದು ಸಣ್ಣ ಮಾತಲ್ಲ. ಎದೆರೋಗದ ವೈದ್ಯನಾಗಿ ನಾನು ದಿನವೂ ನೋಡುವ ಕಾಯಿಲೆಗಳಲ್ಲಿ ಬೀಡಿ, ಸಿಗರೇಟಿನ ಪಾಲು ದೊಡ್ಡದು. ಎಲೆ ಉರಿದಾಗ ಟಾರು, ಕಾರ್ಬನ್ ಮಾನಾಕ್ಸೈಡ್, ಎಪ್ಪತ್ತರಷ್ಟು ಕ್ಯಾನ್ಸರ್‌ಕಾರಕಗಳು ಹುಟ್ಟುತ್ತವೆ. ವೇಪ್ ಅಂದರೆ ಬ್ಯಾಟರಿಯಿಂದ ಲಿಕ್ವಿಡ್ ಕಾಯಿಸಿ ಅದರ ಮಂಜನ್ನು ಎಳೆಯುವ ಇ-ಸಿಗರೇಟ್, ಅದರಲ್ಲಿ ಎಲೆ ಉರಿಯುವುದಿಲ್ಲ. ಹಾಗಾಗಿ ಅವುಗಳಲ್ಲಿ ಬಹುಪಾಲು ಅದರಲ್ಲಿ ಇಲ್ಲ, ಇದ್ದರೂ ಬಹಳ ಕಡಿಮೆ. ಈ ಮಾತನ್ನು ರೋಗಿಗಳಿಂದ ಮುಚ್ಚಿಟ್ಟರೆ ಯಾರಿಗೂ ಉಪಕಾರವಿಲ್ಲ. ಆದ್ದರಿಂದ ಕೆಳಗೆ ನಾನು ಏನೇ ಬರೆದರೂ ‘ಹಾಗಾದರೆ ಸಿಗರೇಟೇ ವಾಸಿ’ ಎಂದು ಮಾತ್ರ ತಿಳಿಯಬೇಡಿ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೇಳಿರುವುದು ಫ್ಲೇವರ್ ಬಗ್ಗೆ, ಮೆಷಿನ್ ಬಗ್ಗೆ. ಆದರೆ ಹಳೆಯದಕ್ಕೆ ಮರಳಿಬಿಡುತ್ತೇನೆ ಎನ್ನುವ ಭಯ ಅದರಲ್ಲಿದೆ. ಹೊಸದು ಕೈಮೀರುತ್ತಿದೆಯೇನೋ ಎನ್ನುವ ಅನುಮಾನವೂ ಇದೆ. ಎರಡನೆಯದನ್ನು ನೀವು ಬಾಯಿಬಿಟ್ಟು ಹೇಳಿಲ್ಲ, ರಾತ್ರಿ ಎದ್ದು ದಮ್ ಎಳೆಯುವ ಸಾಲು ಹೇಳುತ್ತಿದೆ.

‘ಬೆಣ್ಣೆ ಥರ ಇಳಿಯುತ್ತೆ’ ಎಂದಿರಲ್ಲ, ಅಲ್ಲಿಂದಲೇ ಶುರು ಮಾಡೋಣ, ಇಡೀ ವಿಷಯದ ಗಂಟು ಅಲ್ಲೇ ಇದೆ. ವೇಪ್ ಲಿಕ್ವಿಡ್‌ನಲ್ಲಿ ಮುಖ್ಯವಾಗಿ ಇರುವುದು ನಾಲ್ಕು ಸಾಮಾನು: ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ನಿಕೋಟಿನ್, ಪರಿಮಳ. ಸೇದುವವರು ಮೊದಲೆರಡನ್ನು ಪಿಜಿ, ವಿಜಿ ಅನ್ನುತ್ತಾರೆ. ಪಿಜಿ ತೆಳು, ರುಚಿಯನ್ನು ಚೆನ್ನಾಗಿ ಹೊತ್ತು ತರುತ್ತದೆ, ಗಂಟಲಿಗೆ ಸ್ವಲ್ಪ ಚುರುಕು ಕೊಡುತ್ತದೆ. ವಿಜಿ ಮಂದ, ದಟ್ಟ ಮೋಡದಂತೆ ಹೊಗೆ ಕೊಡುತ್ತದೆ, ಮೆತ್ತಗಿರುತ್ತದೆ. ನಿಕೋಟಿನ್ ಎರಡು ರೂಪದಲ್ಲಿ ಬರುತ್ತದೆ. ಹಳೆಯ ಟ್ಯಾಂಕ್ ಮೆಷಿನ್‌ಗಳಿಗೆ ಹಾಕುವ ಲಿಕ್ವಿಡ್‌ನಲ್ಲಿ ಸಾಮಾನ್ಯವಾಗಿ ಇರುವುದು ಕ್ಷಾರ ಗುಣದ ಬಿಡಿ ನಿಕೋಟಿನ್. ಅದು ಸ್ವಲ್ಪ ಹೆಚ್ಚಾದರೂ ಗಂಟಲಿಗೆ ಒದೆಯುತ್ತದೆ, ಕೆಮ್ಮು ಬರಿಸುತ್ತದೆ. ಈಗಿನ ಡಿಸ್ಪೋಸಬಲ್‌ಗಳಲ್ಲಿ ಇರುವುದು ನಿಕೋಟಿನ್ ಸಾಲ್ಟ್: ನಿಕೋಟಿನ್‌ಗೆ ಬೆಂಜೋಯಿಕ್ ಆಮ್ಲದಂಥದ್ದನ್ನು ಸೇರಿಸಿ ಆ ಕ್ಷಾರವನ್ನು ತಗ್ಗಿಸಿರುತ್ತಾರೆ. ಅಷ್ಟಾದರೆ ಬಿಡಿ ನಿಕೋಟಿನ್‌ನಲ್ಲಿ ಯಾರೂ ತಡೆದುಕೊಳ್ಳಲಾರದಷ್ಟು ಪ್ರಮಾಣವನ್ನೂ ಗಂಟಲು ಸುಮ್ಮನೆ ಒಳಗೆ ಬಿಟ್ಟುಕೊಳ್ಳುತ್ತದೆ. ಅದರ ಮೇಲೆ ‘ಐಸ್’. ಮೆಂಥಾಲ್ ಆಗಲಿ, ವಾಸನೆ ಇಲ್ಲದ ಬೇರೆ ತಂಪುಕಾರಕಗಳಾಗಲಿ, ಏನನ್ನೂ ನಿಜವಾಗಿ ತಣ್ಣಗೆ ಮಾಡುವುದಿಲ್ಲ. ತಂಪನ್ನು ಗುರುತಿಸುವ ನರದ ತುದಿಗಳನ್ನು ಕೆಣಕಿ, ಉರಿ ಗೊತ್ತಾಗದ ಹಾಗೆ ಮಾಡುತ್ತವೆ.

ಅಂದರೆ ಟ್ಯಾಂಕ್ ಮೆಷಿನ್‌ನಲ್ಲಿ ಕೆಮ್ಮು ಬಂದದ್ದು ತಂಬಾಕು ಫ್ಲೇವರ್ ಕೆಟ್ಟದ್ದು ಅಂತಲ್ಲ, ಈಗ ಕೆಮ್ಮು ಬಾರದಿರುವುದು ಮಾವು ಒಳ್ಳೆಯದು ಅಂತಲೂ ಅಲ್ಲ. ಕೆಮ್ಮು ನಿಮ್ಮ ಎದೆಯ ಕಾವಲುಗಾರ. ಅವನನ್ನು ಮಲಗಿಸಿದ್ದಾರೆ, ಅಷ್ಟೇ. ಫ್ಲೇವರ್ ನನ್ನ ಸ್ವಂತ ಆಯ್ಕೆ, ನನ್ನ ನಾಲಿಗೆಯ ಇಷ್ಟ ಎಂದು ಬಹಳ ಜನ ನನ್ನ ಹತ್ತಿರ ಹೇಳುತ್ತಾರೆ. ನಾನು ನೋಡಿದ ಮಟ್ಟಿಗೆ, ನಿಕೋಟಿನ್ ಎಷ್ಟು ಬೇಕೋ ಅಷ್ಟನ್ನು ಯಾವ ರುಚಿ ಸದ್ದಿಲ್ಲದೆ ಒಳಗೆ ಇಳಿಸುತ್ತದೋ ಆ ರುಚಿಯೇ ಕೊನೆಗೆ ಇಷ್ಟವಾಗಿಬಿಡುತ್ತದೆ.

ಈಗ ನಿಮ್ಮ ಡಬ್ಬದ ಮೇಲಿನ ಅಂಕಿಯನ್ನು ಲೆಕ್ಕ ಹಾಕೋಣ. 5% ಅಂದರೆ ಒಂದು ಮಿ.ಲೀ.ಗೆ ಸುಮಾರು 50 ಮಿಲಿಗ್ರಾಂ ನಿಕೋಟಿನ್. ಹತ್ತು ಮಿ.ಲೀ.ಗೆ 500 ಮಿಲಿಗ್ರಾಂ. ಎಂಟು ದಿನಕ್ಕೆ ಖಾಲಿಯಾದರೆ ದಿನಕ್ಕೆ ಅರವತ್ತು ಚಿಲ್ಲರೆ ಮಿಲಿಗ್ರಾಂ. ಅದೆಲ್ಲ ರಕ್ತಕ್ಕೆ ಸೇರುವುದಿಲ್ಲ, ಸಾಕಷ್ಟು ಉಸಿರಿನ ಜೊತೆ ಹೊರಗೆ ಹೋಗುತ್ತದೆ. ಅರ್ಧ ಎಂದು ಹಿಡಿದರೂ ಮೂವತ್ತು. ಒಂದು ಸಿಗರೇಟಿನಿಂದ ದೇಹಕ್ಕೆ ಸೇರುವುದು ಸುಮಾರು ಒಂದರಿಂದ ಒಂದೂವರೆ ಮಿಲಿಗ್ರಾಂ. ದಿನಕ್ಕೆ ಹನ್ನೆರಡು ಸೇದುತ್ತಿದ್ದಾಗ ನಿಮ್ಮದು ಹನ್ನೆರಡರಿಂದ ಹದಿನೆಂಟು ಇದ್ದೀತು. ಡಬ್ಬದ ಮೇಲೆ ಬರೆದಿರುವುದು ನಿಜವಾದರೆ, ಸಿಗರೇಟ್ ಬಿಟ್ಟ ಮೇಲೆ ನಿಮ್ಮ ನಿಕೋಟಿನ್ ಚಟ ಇಳಿದಿಲ್ಲ, ಏರಿದೆ.

ರಾತ್ರಿಯ ಎಚ್ಚರಕ್ಕೂ ಇದೇ ಕಾರಣ. ರಕ್ತದಲ್ಲಿರುವ ನಿಕೋಟಿನ್ ಸುಮಾರು ಎರಡು ಗಂಟೆಗೆ ಅರ್ಧಕ್ಕೆ ಇಳಿಯುತ್ತದೆ. ಹಗಲೆಲ್ಲ ಐದು ನಿಮಿಷಕ್ಕೊಂದು ದಮ್ ಎಳೆದು ಅಭ್ಯಾಸವಾದ ಮಿದುಳು, ನಡುರಾತ್ರಿ ಮಟ್ಟ ಕುಸಿದಾಗ ಎಬ್ಬಿಸುತ್ತದೆ. ಒಂದು ವಿಷಯ ನೆನಪು ಮಾಡಿಕೊಳ್ಳಿ: ಸಿಗರೇಟ್ ಸೇದುತ್ತಿದ್ದ ಕಾಲದಲ್ಲಿ ರಾತ್ರಿ ಎದ್ದು ಸೇದುತ್ತಿದ್ದಿರಾ? ಬಹುತೇಕರು ಇಲ್ಲ ಅನ್ನುತ್ತಾರೆ. ಎದ್ದು, ಬಾಗಿಲು ತೆಗೆದು, ಹೊರಗೆ ಹೋಗಿ, ಕಡ್ಡಿ ಗೀರಬೇಕಿತ್ತು. ಸೇದಿದ ಮೇಲೆ ಅದು ಮುಗಿಯುತ್ತಿತ್ತು. ವೇಪ್ ದಿಂಬಿನ ಪಕ್ಕದಲ್ಲಿರುತ್ತದೆ, ಅದಕ್ಕೆ ತುದಿ ಇಲ್ಲ.

ರುಚಿ ಹೊರಟು ಹೋಗುವುದಕ್ಕೆ ಬೇರೆ ಕಾರಣಗಳಿವೆ. ಫ್ಲೇವರ್ ಎಂದು ನಾವು ಕರೆಯುವುದರಲ್ಲಿ ಹೆಚ್ಚಿನ ಪಾಲು ಮೂಗಿನದು. ಆಲೆಮನೆಗೆ ಹೊಸಬರು ಬಂದರೆ ಪಾಕದ ಘಮಕ್ಕೆ ತಲೆ ತಿರುಗುವಷ್ಟು ಖುಷಿ. ಬೆಳಗಿನಿಂದ ಕೊಪ್ಪರಿಗೆ ಮುಂದೆ ನಿಂತವನಿಗೆ ಆ ಘಮ ಗೊತ್ತೇ ಆಗುವುದಿಲ್ಲ. ಒಂದೇ ವಾಸನೆಗೆ ಮೂಗು ಹಾಗೆ ಮಂಕಾಗುತ್ತದೆ. ಜೊತೆಗೆ ಪಿಜಿ, ವಿಜಿ ಎರಡೂ ನೀರು ಹೀರುವ ವಸ್ತುಗಳು, ಬಾಯಿ ಒಣಗಿಸುತ್ತವೆ. ಜೊಲ್ಲು ಕಡಿಮೆಯಾದರೆ ನಾಲಿಗೆ ಅರ್ಧ ಕೆಲಸ ಬಿಟ್ಟ ಹಾಗೆ, ಹಲ್ಲಿಗೂ ಒಳ್ಳೆಯದಲ್ಲ.

ರುಚಿ ಹೋಗುವುದಕ್ಕೆ ಮೂರನೆಯ ಕಾರಣ ಒಳಗಿನ ಕಾಯಿಲ್. ಚಿಕ್ಕ ತಂತಿಯ ಸುರುಳಿ, ಅದರ ಪಕ್ಕದಲ್ಲಿ ಲಿಕ್ವಿಡ್ ಹೀರಿದ ಹತ್ತಿ. ತಂತಿ ಕಾದಾಗ ಹತ್ತಿಯಲ್ಲಿರುವ ಲಿಕ್ವಿಡ್ ಆವಿಯಾಗಿ ಸಣ್ಣ ಹನಿಗಳ ಮಂಜಾಗುತ್ತದೆ. ಸಿಹಿ ಫ್ಲೇವರ್‌ಗಳಲ್ಲಿ ಸುಕ್ರಲೋಸ್‌ನಂಥ ಸಿಹಿಕಾರಕ ಇದ್ದರೆ ಅದು ಆವಿಯಾಗದೆ ತಂತಿಗೆ ಕಪ್ಪಗೆ ಮೆತ್ತಿಕೊಳ್ಳುತ್ತದೆ. ಮಂಡ್ಯ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಕೈಯಾಡಿಸದೆ ಬಿಟ್ಟ ಕೊಪ್ಪರಿಗೆಯಲ್ಲಿ ಪಾಕ ತಳ ಹಿಡಿದ ಹಾಗೆ. ಆಮೇಲೆ ಬರುವ ಪ್ರತಿ ದಮ್ಮಿನಲ್ಲೂ ಆ ಸೀದದ್ದರ ಪಾಲಿರುತ್ತದೆ. ಹತ್ತಿ ಒಣಗಿದಾಗ ಗಂಟಲಿಗೆ ಬಡಿಯುವ ಸೀದ ಹೊಗೆ ನಿಮಗೂ ಗೊತ್ತಿರಬಹುದು. ಕಾವು ಏರಿದಾಗ ಪಿಜಿ, ವಿಜಿಗಳು ಒಡೆದು ಫಾರ್ಮಾಲ್ಡಿಹೈಡ್, ಅಕ್ರೋಲಿನ್ ಆಗುತ್ತವೆ. ತಂತಿಯಿಂದ ನಿಕ್ಕಲ್, ಕ್ರೋಮಿಯಂನಂಥ ಲೋಹಗಳೂ ಸ್ವಲ್ಪ ಸ್ವಲ್ಪ ಮಂಜಿಗೆ ಸೇರುತ್ತವೆ. ಡಿಸ್ಪೋಸಬಲ್‌ನಲ್ಲಿ ಕಾಯಿಲ್ ಬದಲಾಯಿಸಲು ಆಗುವುದಿಲ್ಲ, ಆದ್ದರಿಂದ ಕೊನೆಯ ಮೂರು ನಾಲ್ಕು ದಿನ ನೀವು ಸೇದುತ್ತಿರುವುದು ತಳ ಹಿಡಿದ ಕಾಯಿಲ್‌ನ ಮಂಜು. ‘ಬರೀ ನೀರಾವಿ ಸಾರ್’ ಎಂದು ಒಪಿಡಿಯಲ್ಲಿ ವಾರಕ್ಕೊಬ್ಬರಾದರೂ ಹೇಳುತ್ತಾರೆ. ಅದು ನೀರಾವಿಯಲ್ಲ.

ಯಾವ ಡಿವೈಸ್ ಎಂದರೆ, ತಾಂತ್ರಿಕವಾಗಿ ಹೇಳಬಹುದಾದದ್ದು ಇಷ್ಟು. ಒಂದು ಓಮ್‌ಗಿಂತ (ಓಮ್ ಅಂದರೆ ತಂತಿ ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ) ಹೆಚ್ಚಿನ ಕಾಯಿಲ್ ಇದ್ದು ಕಡಿಮೆ ವ್ಯಾಟ್‌ನಲ್ಲಿ ಓಡುವ ಮೆಷಿನ್, ಸಿಗರೇಟಿನಂತೆ ಬಾಯಿಗೆ ಎಳೆದು ಆಮೇಲೆ ಒಳಗೆ ತೆಗೆದುಕೊಳ್ಳುವ ರೀತಿಯದು. ಅದರಲ್ಲಿ ಮಂಜು ಕಡಿಮೆ, ಕಾವೂ ಕಡಿಮೆ. ಒಂದು ಓಮ್‌ಗಿಂತ ಕೆಳಗಿನ ಕಾಯಿಲ್, ಹೆಚ್ಚು ವ್ಯಾಟ್, ದೊಡ್ಡ ಮೋಡ ಬಿಡುವ ಮೆಷಿನ್‌ನಲ್ಲಿ ಒಂದೊಂದು ದಮ್ಮಿಗೂ ಹೆಚ್ಚು ಲಿಕ್ವಿಡ್ ಆವಿಯಾಗುತ್ತದೆ. ಆದರೆ ಈ ತಿಳಿವಳಿಕೆ ನಿಮಗೆ ಎಷ್ಟು ಉಪಯೋಗ? ಒಳಗೆ ಏನು ತುಂಬಿದ್ದಾರೆ ಎಂದು ಗೊತ್ತಿದ್ದರೆ ತಾನೇ ಮೆಷಿನ್ ಆರಿಸುವುದಕ್ಕೆ ಅರ್ಥ.

ಕರ್ನಾಟಕದಲ್ಲಿ ಇ-ಸಿಗರೇಟನ್ನು 2016ರಲ್ಲೇ ನಿಷೇಧಿಸಿದರು. 2019ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸುಗ್ರೀವಾಜ್ಞೆ ತಂದಿತು, ಅದೇ ಡಿಸೆಂಬರ್‌ನಲ್ಲಿ ಕಾಯಿದೆಯಾಯಿತು. ತಯಾರಿಕೆ, ಆಮದು, ಸಾಗಾಟ, ಮಾರಾಟ, ಜಾಹೀರಾತಿಗೆ ಮೊದಲ ಸಲ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ ಅಥವಾ ಎರಡೂ. ದಾಸ್ತಾನಿಗೆ ಆರು ತಿಂಗಳವರೆಗೆ ಜೈಲು ಅಥವಾ 50,000 ರೂಪಾಯಿವರೆಗೆ ದಂಡ ಅಥವಾ ಎರಡೂ. ನಿಮ್ಮನ್ನು ಹೆದರಿಸಲು ಇದನ್ನು ಬರೆಯುತ್ತಿಲ್ಲ. ವೈದ್ಯನಾಗಿ ನನಗೆ ಇದರಲ್ಲಿ ಕಾಣುವುದು ಬೇರೆ. ಯುರೋಪಿನ ನಿಯಮದಲ್ಲಿ ನಿಕೋಟಿನ್ ಮಿತಿ ಒಂದು ಮಿ.ಲೀ.ಗೆ 20 ಮಿಲಿಗ್ರಾಂ, ಟ್ಯಾಂಕ್ 2 ಮಿ.ಲೀ. ಮೀರುವಂತಿಲ್ಲ. ನಿಮ್ಮ ಕೈಯಲ್ಲಿರುವುದು ಅದರ ಎರಡೂವರೆ ಪಟ್ಟು ಗಟ್ಟಿ, ಐದು ಪಟ್ಟು ದೊಡ್ಡದು. ಕದ್ದುಮುಚ್ಚಿ ಬಂದ ಮಾಲಿನ ಮೇಲೆ ಬರೆದಿರುವ ಅಂಕಿಗೆ ಯಾರೂ ಹೊಣೆಯಲ್ಲ.

ತಂಬಾಕು ಫ್ಲೇವರ್ ಸುರಕ್ಷಿತ ಎಂಬ ಮಾತು ಎಲ್ಲಿಂದ ಹುಟ್ಟಿತು ಎಂದು ನನಗೆ ಅನಿಸುವುದನ್ನು ಹೇಳುತ್ತೇನೆ. ಅಮೆರಿಕದಲ್ಲಿ 2020ರಲ್ಲಿ ಕಾರ್ಟ್ರಿಡ್ಜ್ ವೇಪ್‌ಗಳಲ್ಲಿ ತಂಬಾಕು, ಮೆಂಥಾಲ್ ಬಿಟ್ಟು ಉಳಿದ ಫ್ಲೇವರ್‌ಗಳ ಮೇಲೆ ಕ್ರಮ ಕೈಗೊಂಡರು. ನೆದರ್‌ಲೆಂಡ್ಸ್‌ನಲ್ಲಿ 2024ರಿಂದ ತಂಬಾಕು ಫ್ಲೇವರ್ ಒಂದನ್ನೇ ಮಾರಬಹುದು. ಇದನ್ನು ಕೇಳಿದವರು, ಹಾಗಾದರೆ ತಂಬಾಕಿನದೇ ಶ್ವಾಸಕೋಶಕ್ಕೆ ಒಳ್ಳೆಯದಿರಬೇಕು ಅಂದುಕೊಳ್ಳುತ್ತಾರೆ. ಆ ನಿಯಮಗಳ ಉದ್ದೇಶ ಶಾಲಾ ಕಾಲೇಜಿನ ಮಕ್ಕಳನ್ನು ದೂರ ಇಡುವುದು. ಹಣ್ಣು, ಮಿಠಾಯಿ ರುಚಿಗೆ ಮಕ್ಕಳು ಬೇಗ ಮರುಳಾಗುತ್ತಾರೆ ಎಂಬ ಕಾರಣಕ್ಕೆ. ತಂಬಾಕು ಫ್ಲೇವರ್ ಎನ್ನುವುದು ಸಾಮಾನ್ಯವಾಗಿ ಎಲೆಯಿಂದ ಬಂದದ್ದಲ್ಲ, ಅದೂ ಪ್ರಯೋಗಾಲಯದ ಮಿಶ್ರಣವೇ.

ಫ್ಲೇವರ್‌ಗಳ ನಡುವೆ ವ್ಯತ್ಯಾಸ ಇಲ್ಲವೇ ಇಲ್ಲ ಎಂದೂ ಅಲ್ಲ. ದಾಲ್ಚಿನ್ನಿ ಪರಿಮಳ ಕೊಡುವ ಸಿನಮಾಲ್ಡಿಹೈಡ್ ಶ್ವಾಸನಾಳದ ಕೂದಲೆಳೆಗಳ ಓಟವನ್ನು ಮಂದ ಮಾಡುತ್ತದೆ. ಕಫವನ್ನು ಮೇಲಕ್ಕೆ ತಳ್ಳುವುದು ಆ ಎಳೆಗಳೇ. ಬೆಣ್ಣೆ, ಕಸ್ಟರ್ಡ್, ಕ್ರೀಮ್ ರುಚಿಗಳಲ್ಲಿ ಡಯಾಸೆಟೈಲ್ ಇರಬಹುದು. ನೀವು ಕೇಳಿದ ಪಾಪ್‌ಕಾರ್ನ್ ಲಂಗ್ ಹೆಸರು ಬಂದದ್ದು ಅದರಿಂದಲೇ. ಅಮೆರಿಕದ ಮಿಸ್ಸೌರಿಯ ಪಾಪ್‌ಕಾರ್ನ್ ಕಾರ್ಖಾನೆಯೊಂದರಲ್ಲಿ ಬೆಣ್ಣೆ ಪರಿಮಳದ ಆವಿ ಕುಡಿದ ಕಾರ್ಮಿಕರ ಸಣ್ಣ ಶ್ವಾಸನಾಳಗಳು ಗಾಯವಾಗಿ ಕಟ್ಟಿಕೊಂಡಿದ್ದು 2000ದಲ್ಲಿ ಬೆಳಕಿಗೆ ಬಂತು. ಡಯಾಸೆಟೈಲ್ ಸಿಗರೇಟ್ ಹೊಗೆಯಲ್ಲೂ ಇದೆ. ಬ್ರಿಟನ್‌ನಲ್ಲಿ ವೇಪ್ ಲಿಕ್ವಿಡ್‌ಗೆ ಅದನ್ನು ಸೇರಿಸುವಂತಿಲ್ಲ. ಹಾಗಾಗಿ ವೇಪ್ ಸೇದಿದವರಿಗೆಲ್ಲ ಪಾಪ್‌ಕಾರ್ನ್ ಲಂಗ್ ಬರುತ್ತದೆ ಎನ್ನುವುದು ಸುಳ್ಳು. ಎಲ್ಲಿ ತಯಾರಾಯಿತೋ ಗೊತ್ತಿಲ್ಲದ ಡಬ್ಬದಲ್ಲಿ ಡಯಾಸೆಟೈಲ್ ಇಲ್ಲ ಎನ್ನುವುದಕ್ಕೂ ಆಧಾರವಿಲ್ಲ.

ತಿನ್ನುವ ಪದಾರ್ಥಕ್ಕೆ ಹಾಕುವ ಪರಿಮಳವೇ ತಾನೇ ಎಂದು ವಾದಿಸುವವರಿದ್ದಾರೆ. ಹೊಟ್ಟೆಗೆ ಒಪ್ಪಿಗೆ ಸಿಕ್ಕಿದ್ದು ಎದೆಗೆ ಒಪ್ಪಿಗೆಯಾಗುವುದಿಲ್ಲ. ಒಗ್ಗರಣೆ ತಿಂದರೆ ರುಚಿ, ಅದರ ಘಾಟು ನೆತ್ತಿಗೇರಿದರೆ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತು.

2019ರಲ್ಲಿ ಅಮೆರಿಕದಲ್ಲಿ ವೇಪ್ ಸೇದಿ ಶ್ವಾಸಕೋಶ ಕೆಟ್ಟವರ ಸುದ್ದಿಯನ್ನೂ ಕೇಳಿರುತ್ತೀರಿ. 2020ರ ಫೆಬ್ರವರಿ ಹೊತ್ತಿಗೆ 2,807 ಮಂದಿ ಆಸ್ಪತ್ರೆ ಸೇರಿದ್ದರು ಅಥವಾ ತೀರಿಕೊಂಡಿದ್ದರು, ಅವರಲ್ಲಿ ಸಾವು 68. ಅದರ ಮುಖ್ಯ ಕಾರಣ ಮಾಮೂಲಿ ನಿಕೋಟಿನ್ ಲಿಕ್ವಿಡ್ ಅಲ್ಲ, ಗಾಂಜಾ ಎಣ್ಣೆಗೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್. ಆದರೆ ಅದೂ ಹೆಚ್ಚಾಗಿ ಕಳ್ಳದಾರಿಯ ಮಾಲೇ. ಕೊಂಡವರಿಗೆ ಅದರಲ್ಲಿ ಏನಿದೆ ಎಂದು ತಿಳಿದಿರಲಿಲ್ಲ.

ಮಗಳ ವಿಷಯ. ಇದನ್ನು ದಯವಿಟ್ಟು ಇವತ್ತೇ ಮಾಡಿ. ಹೊಸ ಡಬ್ಬದಲ್ಲಿ 500 ಮಿಲಿಗ್ರಾಂ ನಿಕೋಟಿನ್ ಇದೆ ಎಂದು ಮೇಲೆ ಲೆಕ್ಕ ಹಾಕಿದೆವು. ಮೂರು ವರ್ಷದ ಮಗುವಿನ ಪ್ರಾಣಕ್ಕೆ ಅದರ ಸಣ್ಣ ಪಾಲೂ ಅಪಾಯ. ಮಾವಿನ ಘಮ, ಬಣ್ಣದ ಕೊಳವೆ, ಬಾಯಿಗಿಡುವ ಮೂತಿ. ಮಗುವಿಗೆ ಅದು ಆಟದ ಸಾಮಾನು. ದಿಂಬಿನ ಪಕ್ಕ, ಪ್ಯಾಂಟಿನ ಜೇಬು, ಟಿವಿ ಮೇಜು ಬೇಡ, ಬೀರುವಿನ ಮೇಲಿನ ಖಾನೆಯಲ್ಲಿ ಬೀಗ ಹಾಕಿಡಿ. ಮಗು ಲಿಕ್ವಿಡ್ ಬಾಯಿಗೆ ಹಾಕಿಕೊಂಡರೆ, ಅಥವಾ ವಾಂತಿ, ಜೊಲ್ಲು, ಮುಖ ಬಿಳಿಚಿಕೊಳ್ಳುವುದು, ನಡುಕ ಕಂಡರೆ, ವಾಂತಿ ಮಾಡಿಸಲು ಹೋಗದೆ ಡಬ್ಬದ ಸಮೇತ ನೇರ ಎಮರ್ಜೆನ್ಸಿಗೆ ಹೋಗಿ. ಮೈಮೇಲೆ ಚೆಲ್ಲಿದ್ದರೆ ಬಟ್ಟೆ ತೆಗೆದು ನೀರಿನಲ್ಲಿ ಚೆನ್ನಾಗಿ ತೊಳೆಯಿರಿ, ನಿಕೋಟಿನ್ ಚರ್ಮದಿಂದಲೂ ಒಳಗಿಳಿಯುತ್ತದೆ.

ಇನ್ನು ನಿಮ್ಮ ಮುಂದಿರುವ ದಾರಿಗಳು.

ಇದನ್ನೇ ಮುಂದುವರಿಸುವುದು ಒಂದು. ಸಿಗರೇಟಿಗಿಂತ ವಾಸಿ, ಆದರೆ ಚಟ ಗಟ್ಟಿಯಾಗುತ್ತಾ ಹೋಗುತ್ತದೆ. ಹತ್ತು ಇಪ್ಪತ್ತು ವರ್ಷ ಸೇದಿದರೆ ಎದೆಗೂ ಹೃದಯಕ್ಕೂ ಏನಾಗುತ್ತದೆ ಎಂಬುದಕ್ಕೆ ಸಿಗರೇಟಿನಷ್ಟು ಹಳೆಯ ದಾಖಲೆ ಲೋಕದಲ್ಲೇ ಇಲ್ಲ. ಎರಡನೆಯದು ನಿಕೋಟಿನ್ ಕಡಿಮೆ ಇರುವ ಲಿಕ್ವಿಡ್‌ಗೆ ಇಳಿಯುವುದು. ಬೇರೆ ದೇಶಗಳಲ್ಲಿ ಹಾಗೆ ಇಳಿಯುತ್ತಾ ಬಿಟ್ಟವರಿದ್ದಾರೆ. ಆದರೆ ನಿಕೋಟಿನ್ ತಗ್ಗಿಸಿದ ತಕ್ಷಣ ಜನ ತಿಳಿಯದೆಯೇ ಹೆಚ್ಚು ಹೊತ್ತು, ಹೆಚ್ಚು ಸಲ ಎಳೆಯುತ್ತಾರೆ, ವ್ಯಾಟ್ ಏರಿಸುತ್ತಾರೆ. ನಿಕೋಟಿನ್ ಅಷ್ಟೇ ಸಿಕ್ಕಿ, ಸೀದ ಮಂಜು ಇನ್ನೂ ಹೆಚ್ಚು ಒಳಗೆ ಹೋಗುತ್ತದೆ. ಅದೂ ಅಲ್ಲದೆ ಇಲ್ಲಿ ಅದನ್ನು ತರಿಸುವುದೇ ಕಾನೂನುಬಾಹಿರ, ‘ಜೀರೋ ನಿಕೋಟಿನ್’ ಎಂದು ಬರೆದದ್ದನ್ನು ನಂಬುವ ಹಾಗಿಲ್ಲ. ಈ ದಾರಿಯನ್ನು ನಾನು ಸೂಚಿಸುವುದಿಲ್ಲ.

ಬ್ರಿಟನ್‌ನಲ್ಲಿ ವೇಪ್ ಕೊಟ್ಟೇ ಸಿಗರೇಟ್ ಬಿಡಿಸುತ್ತಾರಲ್ಲ ಎಂದು ನೀವು ಕೇಳಬಹುದು. ನಿಜ. 2019ರಲ್ಲಿ ಪ್ರಕಟವಾದ ಅಲ್ಲಿನ ದೊಡ್ಡ ಅಧ್ಯಯನವೊಂದರಲ್ಲಿ ವೇಪ್ ಪಡೆದವರಲ್ಲಿ ನೂರಕ್ಕೆ 18 ಮಂದಿ ಒಂದು ವರ್ಷದ ನಂತರವೂ ಸಿಗರೇಟ್‌ನಿಂದ ದೂರ ಇದ್ದರು. ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚ್, ಜಗಿಯುವ ನಿಕೋಟಿನ್ ಗಮ್ ಇತ್ಯಾದಿ ಪಡೆದವರಲ್ಲಿ ಸುಮಾರು 10. ಅದೇ ಅಧ್ಯಯನದ ಇನ್ನೊಂದು ಅಂಕಿಯನ್ನು ಯಾರೂ ಹೇಳುವುದಿಲ್ಲ: ವೇಪ್‌ನಿಂದ ಸಿಗರೇಟ್ ಬಿಟ್ಟವರಲ್ಲಿ ನೂರಕ್ಕೆ 80 ಮಂದಿ ವರ್ಷದ ಕೊನೆಗೂ ವೇಪ್ ಸೇದುತ್ತಲೇ ಇದ್ದರು, ಗಮ್ ಪ್ಯಾಚ್‌ನಿಂದ ಬಿಟ್ಟವರಲ್ಲಿ ಅವನ್ನು ಇನ್ನೂ ಬಳಸುತ್ತಿದ್ದವರು 9. ನೀವು ಈಗ ಆ ಎಂಬತ್ತರ ಪೈಕಿ.

ಮೂರನೆಯದು ಒಂದೇ ದಿನ ಎಲ್ಲ ಬಿಸಾಡುವುದು. ಕೆಲವರಿಗೆ ಆಗುತ್ತದೆ. ರಾತ್ರಿ ಎದ್ದು ಸೇದುವಷ್ಟು ಚಟ ಇರುವವರಿಗೆ ಮೊದಲ ವಾರ ಬಹಳ ಕಷ್ಟ. ಸಿಡುಕು, ನಿದ್ದೆಗೇಡು, ತಲೆ ಕೆಲಸ ಮಾಡದ ಹಾಗೆ. ಶಿಫ್ಟ್ ಬ್ರೇಕ್‌ನಲ್ಲಿ ಪಕ್ಕದವನು ಸಿಗರೇಟ್ ಹಚ್ಚಿದರೆ ಕೈ ತಾನೇ ಹೋಗುತ್ತದೆ. ನಿಮ್ಮ ಭಯ ನಿಜವಾಗುವುದು ಈ ದಾರಿಯಲ್ಲೇ.

ನಿಮಗೆ ನಾನು ಹೇಳುವುದು ನಾಲ್ಕನೆಯದು, ನಿಕೋಟಿನ್ ಅನ್ನು ಒಮ್ಮೆಗೇ ಕಿತ್ತುಕೊಳ್ಳದೆ ಅದು ಬರುವ ದಾರಿ ಬದಲಿಸುವುದು. ಬೆಳಿಗ್ಗೆ ಎದ್ದು ತೋಳಿಗೆ ಅಂಟಿಸುವ ಪ್ಯಾಚ್ ದಿನವಿಡೀ ಸಮವಾಗಿ ನಿಕೋಟಿನ್ ಕೊಡುತ್ತದೆ. ನಿಮ್ಮ ಮಟ್ಟಕ್ಕೆ 21 ಮಿಲಿಗ್ರಾಂನದರಿಂದ ಶುರು ಮಾಡಿ ವಾರಗಳು ಕಳೆದಂತೆ 14, ಆಮೇಲೆ 7. ನಡುವೆ ಆಸೆ ಎದ್ದಾಗ ನಿಕೋಟಿನ್ ಗಮ್. ಬಹಳ ಜನ ಈ ಗಮ್ಮನ್ನು ಬಬಲ್ ಗಮ್ ಥರ ಜಗಿದು, ಬಿಕ್ಕಳಿಕೆ ಬಂತು, ಹೊಟ್ಟೆ ಉರಿಯಿತು, ಕೆಲಸ ಮಾಡಲಿಲ್ಲ ಎಂದು ಬಿಟ್ಟುಬಿಡುತ್ತಾರೆ. ನಿಧಾನವಾಗಿ ಜಗಿಯಬೇಕು, ಖಾರ ಚುರುಗುಟ್ಟಿದ ಕೂಡಲೆ ಎಲೆ ಅಡಿಕೆ ಒತ್ತರಿಸಿದ ಹಾಗೆ ಕೆನ್ನೆಯ ಸಂದಿಯಲ್ಲಿ ಇಟ್ಟುಕೊಳ್ಳಬೇಕು. ಚುರುಕು ಇಳಿದ ಮೇಲೆ ಮತ್ತೆ ಎರಡು ಸಲ ಜಗಿದು ಇನ್ನೊಂದು ಪಕ್ಕ. ಅರ್ಧ ಗಂಟೆ ಬರುತ್ತದೆ. ಕಾಫಿ ಕುಡಿದ ತಕ್ಷಣ ಜಗಿದರೆ ಬಾಯಿಯ ಹುಳಿಯಿಂದಾಗಿ ನಿಕೋಟಿನ್ ಹೀರಿಕೆ ಕಡಿಮೆಯಾಗುತ್ತದೆ, ಹದಿನೈದು ನಿಮಿಷ ಬಿಡಿ. ಪ್ಯಾಚ್‌ನಿಂದ ಚರ್ಮ ಕೆಂಪಾಗಬಹುದು, ಕನಸು ಜಾಸ್ತಿಯಾಗಬಹುದು. ಕನಸಿನ ಕಾಟವಾದರೆ ಮಲಗುವಾಗ ತೆಗೆಯಿರಿ. ಹೃದಯದ ತೊಂದರೆ ಇದ್ದರೆ ಮೊದಲೇ ಹೇಳಬೇಕು.

ಐದನೆಯದು ಮಾತ್ರೆ. ವ್ಯಾರೆನಿಕ್ಲಿನ್ ಅನ್ನು ಬಿಡುವ ದಿನಕ್ಕಿಂತ ಒಂದು ವಾರ ಮೊದಲೇ ಶುರು ಮಾಡಿ 12 ವಾರ ಕೊಡುತ್ತೇವೆ; ನಿಕೋಟಿನ್ ಕೂರುವ ಜಾಗದಲ್ಲಿ ಅದು ಕೂತು ಆಸೆಯನ್ನು ತಗ್ಗಿಸುತ್ತದೆ. ವಾಕರಿಕೆ ಸಾಮಾನ್ಯ, ಊಟವಾದ ಮೇಲೆ ತೆಗೆದುಕೊಂಡರೆ ಕಡಿಮೆ. ಬ್ಯುಪ್ರೋಪಿಯಾನ್ ಇನ್ನೊಂದು, ಆದರೆ ಫಿಟ್ಸ್ ಬಂದಿದ್ದವರಿಗೆ ಕೊಡುವಂತಿಲ್ಲ. ಎರಡನ್ನೂ ವೈದ್ಯರು ನೋಡಿ ಬರೆದುಕೊಡಬೇಕು, ಮೆಡಿಕಲ್ ಶಾಪ್‌ನಲ್ಲಿ ಕೇಳಿ ತಂದು ನುಂಗುವುದು ಬೇಡ.

ಬಿಡುವ ದಿನವನ್ನು ನೈಟ್ ಶಿಫ್ಟ್ ವಾರದಲ್ಲಿ ಇಟ್ಟುಕೊಳ್ಳಬೇಡಿ. ಡೇ ಶಿಫ್ಟ್‌ನ ಮೊದಲ ವಾರ, ಸಾಧ್ಯವಾದರೆ ವಾರದ ರಜೆಗೆ ಹೊಂದಿಸಿ. ಅದಕ್ಕೆ ಹತ್ತು ದಿನ ಮುಂಚಿನಿಂದ ಒಂದೇ ಅಭ್ಯಾಸ ಮಾಡಿ: ವೇಪ್ ಅನ್ನು ಮಲಗುವ ಕೋಣೆಗೆ ತರಬೇಡಿ. ರಾತ್ರಿ ಬೇಕೆನಿಸಿದರೆ ಎದ್ದು ಹೋಗಿ ಬೀಗ ತೆಗೆದೇ ಸೇದಬೇಕು. ಎಷ್ಟೋ ಜನರಿಗೆ ರಾತ್ರಿಯ ದಮ್ ಇಷ್ಟರಿಂದಲೇ ಅರ್ಧಕ್ಕೆ ಬಂದದ್ದನ್ನು ನೋಡಿದ್ದೇನೆ. ಬಾಯಿಗೆ ಏನಾದರೂ ಬೇಕು ಅನ್ನಿಸುವುದು ಸಹಜ. ಸೋಂಪು, ಲವಂಗ ಇಟ್ಟುಕೊಳ್ಳಿ. ಗುಟ್ಕಾ, ಹೊಗೆಸೊಪ್ಪು ಹಾಕಿದ ಎಲೆ ಅಡಿಕೆಗೆ ಮಾತ್ರ ತಿರುಗಬೇಡಿ, ಸಿಗರೇಟ್ ಬಿಟ್ಟು ಅತ್ತ ಹೋಗಿ ಬಾಯಿ ಕ್ಯಾನ್ಸರ್ ತಂದುಕೊಂಡವರನ್ನು ಕಂಡಿದ್ದೇನೆ. ನಡುವೆ ಒಂದು ದಿನ ಜಾರಿ ಎರಡು ದಮ್ ಎಳೆದರೆ ಎಲ್ಲ ಮುಗಿಯಿತು ಎಂದುಕೊಳ್ಳದೆ ಮರುದಿನದ ಪ್ಯಾಚ್ ಅಂಟಿಸಿ.

ಮಾತಾಡಲು ಯಾರಾದರೂ ಬೇಕಾದರೆ ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನ್ 1800-11-2356 ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಮೈಸೂರಾದರೆ ಕೆ.ಆರ್. ಆಸ್ಪತ್ರೆಯಲ್ಲಿ, ಮಂಡ್ಯವಾದರೆ ಅಲ್ಲಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಮಿಮ್ಸ್‌ನಲ್ಲಿ ತಂಬಾಕು ಬಿಡಿಸುವ ಆಪ್ತಸಲಹೆ ಬಗ್ಗೆ ವಿಚಾರಿಸಿ. ಎದೆರೋಗ ವಿಭಾಗದಲ್ಲಿ ಒಂದು ಸ್ಪೈರೋಮೆಟ್ರಿ (ಕೊಳವೆಗೆ ಊದಿಸಿ ಶ್ವಾಸಕೋಶದ ಶಕ್ತಿ ಅಳೆಯುವ ಪರೀಕ್ಷೆ) ಮಾಡಿಸಿಕೊಳ್ಳಿ; ಹನ್ನೆರಡು ವರ್ಷದ ಸಿಗರೇಟ್ ಏನು ಬಿಟ್ಟು ಹೋಗಿದೆ ಎಂದು ಗೊತ್ತಾಗಬೇಕು. ಎದೆಯಲ್ಲಿ ಸಿಳ್ಳೆ ಸದ್ದು, ಚಾಮುಂಡಿ ಬೆಟ್ಟದ ಮೆಟ್ಟಿಲನ್ನು ಮೊದಲಿನಷ್ಟು ಹತ್ತಲಾಗದೆ ಏದುಸಿರು, ಕಫದಲ್ಲಿ ರಕ್ತ, ಜ್ವರದ ಜೊತೆ ಉಸಿರಾಟದ ಕಷ್ಟ ಇದ್ದರೆ ಕಾಯದೆ ಬನ್ನಿ. ಬಂದಾಗ ವೇಪ್ ಸೇದುತ್ತಿದ್ದೆ ಎನ್ನುವುದನ್ನು ವೈದ್ಯರಿಗೆ ನೇರವಾಗಿ ಹೇಳಿ, ಎಷ್ಟು ದಿನದಿಂದ, ಯಾವುದು ಎಂದು ಕೂಡ. ಕಾನೂನಿನ ಹೆದರಿಕೆಯಿಂದ ಮುಚ್ಚಿಟ್ಟವರಿಗೆ ಟಿಬಿ, ನ್ಯುಮೋನಿಯಾ ಎಂದು ಪರೀಕ್ಷೆಗಳಲ್ಲೇ ವಾರ ಕಳೆದು ಹೋಗುತ್ತದೆ.

ಕೊನೆಯ ಡಿಸ್ಪೋಸಬಲ್ ಮುಗಿದ ದಿನ ಅದನ್ನು ಮನೆಯ ಕಸದ ಬುಟ್ಟಿಗೆ ಹಾಕಬೇಡಿ. ಒಳಗೆ ಲಿಥಿಯಂ ಬ್ಯಾಟರಿ ಇರುತ್ತದೆ, ಕಸದ ಗಾಡಿಯಲ್ಲಿ ಜಜ್ಜಿ ಬೆಂಕಿ ಹೊತ್ತಿಕೊಳ್ಳಬಹುದು; ಹತ್ತಿಯಲ್ಲಿ ಉಳಿದ ನಿಕೋಟಿನ್ ನಾಯಿ, ದನಗಳ ಬಾಯಿಗೂ ಹೋಗಬಹುದು. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಇ-ತ್ಯಾಜ್ಯ ತೆಗೆದುಕೊಳ್ಳುವಲ್ಲಿ ಕೊಟ್ಟುಬಿಡಿ.